ಪುದೀನ ಪರಿಮಳದ ಬೆಲೆ ಎಷ್ಟು?

ಬೇಸಿಗೆಯ ಬೆವರಿನಲ್ಲಿ ಬಸ್ಸು ಹತ್ತುವ ಗಂಡಸಿಗೆ ತಂಪಾದ ಪುದೀನ ಪರಿಮಳದ ಮೇಲೆ ಆಸೆ ಮೂಡುವುದು ಸಹಜ. ಹೈಸ್ಕೂಲು ಸೇರಿದ ಮಗನೂ ಅದನ್ನೇ ಕೇಳತೊಡಗುತ್ತಾನೆ. ಪುಸ್ತಕ, ಸಮವಸ್ತ್ರಗಳ ಖರ್ಚಿನ ನಡುವೆ ಕೊಳ್ಳುವ ಈ ಸೀಸೆಯನ್ನು ಅಳೆದು ನೋಡುವ ಬಗೆಯನ್ನು ಹೆತ್ತವರು ತಿಳಿದಿರುವುದು ಒಳ್ಳೆಯದು.

ಪುದೀನದ ಮೆಂಥಾಲ್ ಚರ್ಮವನ್ನು ತಣಿಸುವುದಿಲ್ಲ. ತಂಪನ್ನು ಗ್ರಹಿಸುವ ನರಗಳನ್ನು ಕೆಣಕುತ್ತದೆ, ಅಷ್ಟೆ. ಅದು ಬೇಗ ಆವಿಯಾಗುವ ವಸ್ತು. ಆದ್ದರಿಂದ ಅಂಗಡಿಯಲ್ಲಿ ಮೂಗಿಗೆ ತಾಗಿದ ಮೊದಲ ಘಮವನ್ನು ನಂಬಿ ಹಣ ಕೊಡಬಾರದು. ಮಣಿಕಟ್ಟಿಗೆ ಒಮ್ಮೆ ಸಿಂಪಡಿಸಿ, ಉಜ್ಜದೆ ಬಿಟ್ಟು, ಒಂದು ಗಂಟೆಯ ಬಳಿಕ ಮೂಸಿ ನೋಡಬೇಕು. ಆಗ ಉಳಿಯುವ ವಾಸನೆಯೇ ದಿನವಿಡೀ ನಮ್ಮೊಡನಿರುವುದು. ತುರಿಕೆ, ಉರಿ ಕಂಡುಬಂದರೆ ಅದು ನಮ್ಮ ಚರ್ಮಕ್ಕೆ ಹೊಂದುವುದಿಲ್ಲ.

ಇದಕ್ಕೊಂದು ಮಾದರಿಯಿದೆ. ಪಿಯರ್ ಬೂರ್ದೋ ರೂಪಿಸಿ, ಡೇವಿಡಾಫ್ ಹೆಸರಿನಲ್ಲಿ 1988ರಲ್ಲಿ ಬಂದ ‘ಕೂಲ್ ವಾಟರ್’ ಪುದೀನ ಮತ್ತು ಲ್ಯಾವೆಂಡರುಗಳಿಂದ ಆರಂಭವಾಗುತ್ತದೆ. ಪುದೀನ ಆರಿದ ಮೇಲೂ ಡೈಹೈಡ್ರೋಮಿರ್ಸೆನಾಲ್ ಎಂಬ ಕೃತಕ ವಸ್ತು ತಾಜಾತನವನ್ನು ಮುಂದುವರಿಸುತ್ತದೆ. ಕೊನೆಗೆ ದೇವದಾರು, ಕಸ್ತೂರಿಯಂಥ ಘಮ ಉಳಿಯುತ್ತದೆ. ಅಗ್ಗದ ಸೀಸೆಗಳು ಸೋಲುವುದು ಬಹುಮಟ್ಟಿಗೆ ಈ ಎರಡನೆಯ ಹಂತದಲ್ಲಿ: ಪುದೀನ ಹೋದೊಡನೆ ಸಾಬೂನಿನ ಇಲ್ಲವೆ ಸ್ಪಿರಿಟ್ಟಿನ ವಾಸನೆಯಷ್ಟೇ ಉಳಿಯುತ್ತದೆ.

ಇನ್ನು ಲೆಕ್ಕ. 225 ರೂಪಾಯಿಯ 150 ಮಿಲಿಲೀಟರಿನ ಬಾಡಿ ಸ್ಪ್ರೇ ತಿಂಗಳಿಗೆ ಮುಗಿಯಿತೆನ್ನೋಣ. ದಿನಕ್ಕೆ ಏಳೂವರೆ ರೂಪಾಯಿ. 400 ರೂಪಾಯಿಯ 50 ಮಿಲಿಲೀಟರಿನ ಸೆಂಟಿನಲ್ಲಿ ಒಂದು ಸಿಂಪಡಣೆಗೆ ಸುಮಾರು 0.1 ಮಿಲಿಲೀಟರ್ ವ್ಯಯವಾಗುತ್ತದೆ. ದಿನಕ್ಕೆರಡು ಬಾರಿಯಂತೆ 250 ದಿನ ಬಂದರೆ ದಿನಕ್ಕೆ 1.60 ರೂಪಾಯಿ ಮಾತ್ರ. ಅಗ್ಗವೆಂಬುದು ಸೀಸೆಯ ಬೆಲೆಯಲ್ಲಿಲ್ಲ, ಅದು ಬಾಳುವ ದಿನಗಳಲ್ಲಿದೆ.

ಜಾತ್ರೆಯ ಸಾಲಿನಲ್ಲಿ ಪ್ರಸಿದ್ಧ ಹೆಸರನ್ನೇ ಹೋಲುವ ಸೀಸೆ ಕೈಗೆ ಬಂದರೆ ಮೊದಲು ಲೇಬಲನ್ನು ನೋಡಿ. 2011ರ ಪೊಟ್ಟಣ ಸರಕು ನಿಯಮಗಳಂತೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ನಿವ್ವಳ ಪ್ರಮಾಣ, ತಯಾರಿಕೆಯ ತಿಂಗಳು–ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ನೀಡಬೇಕಾದ ವಿವರ ಇರಲೇಬೇಕು. ವಿಳಾಸವಿಲ್ಲದ ಸೀಸೆಯ ಬಗ್ಗೆ ಉತ್ತರ ಹೇಳುವವರಾರೂ ಇರುವುದಿಲ್ಲ, ಅದನ್ನು ಕೊಳ್ಳಬೇಡಿ.

ಈ ವಿವರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕೆಂದು ನಿಯಮ ಹೇಳುತ್ತದೆ. ಜೊತೆಗೆ ಬೇರೆ ಭಾಷೆ ಬಳಸಲು ಅದರಲ್ಲಿ ಅಡ್ಡಿಯಿಲ್ಲ. ಕನ್ನಡವಿಲ್ಲದಿದ್ದರೆ ಕನ್ನಡವಷ್ಟೇ ಬಲ್ಲ ಹಿರಿಯರಿಗೆ ಆ ಸೀಸೆ ಮೂಕ. ಕನ್ನಡ ಶಾಲೆಯಲ್ಲಿ ಕಲಿಯುತ್ತಲೇ ಆ ಭಾಷೆಗಳನ್ನೂ ಓದಬಲ್ಲ ನಮ್ಮ ಮಕ್ಕಳು ಅಜ್ಜ–ಅಪ್ಪಂದಿರಿಗೆ ಲೇಬಲನ್ನು ಓದಿ, ಕನ್ನಡದಲ್ಲಿ ವಿವರಿಸಲಿ. ಬೆಂಕಿಯಿಂದ ದೂರವಿಡಬೇಕೆಂಬ ಎಚ್ಚರಿಕೆಯನ್ನಂತೂ ಮರೆಯದೆ ಹೇಳಲಿ, ಇವುಗಳಲ್ಲಿ ಮದ್ಯಸಾರವಿರುತ್ತದೆ.

ಬಿಲ್ಲು ಕೇಳಿ ಪಡೆಯಿರಿ. ಮೋಸವಾದರೆ 1915ಕ್ಕೆ ಕರೆ ಮಾಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ.