ಹಾರಾಟ ಮುಗಿದ ಮೇಲೂ ವಿಮಾನಕ್ಕೆ ಕೆಲಸ ಇದೆ

ಚಳ್ಳಕೆರೆ ಅಂದ್ರೆ ಹೆಚ್ಚಿನವರಿಗೆ ನೆನಪಾಗೋದು ಶೇಂಗಾ ಎಣ್ಣೆ, ಕಂಬಳಿ ಮತ್ತು ಬಿಸಿಲು. ಏರೋನಾಟಿಕಲ್ ಓದುವವರಿಗೆ ಇನ್ನೊಂದೂ ನೆನಪಾಗುತ್ತೆ: ಡಿಆರ್‌ಡಿಒ ಏರೋನಾಟಿಕಲ್ ಟೆಸ್ಟ್ ರೇಂಜ್. 2016ರ ನವೆಂಬರ್‌ನಲ್ಲಿ ರುಸ್ತುಂ-2, ಅಂದರೆ ಇಂದಿನ ತಪಸ್ ಡ್ರೋನ್, ಮೊದಲು ಹಾರಿದ್ದು ಇಲ್ಲೇ. 2023ರ ಏಪ್ರಿಲ್‌ನಲ್ಲಿ ಚಿನೂಕ್ ಹೆಲಿಕಾಪ್ಟರ್‌ನಿಂದ ಕಳಚಿಕೊಂಡ ಇಸ್ರೋದ ರೆಕ್ಕೆಯ ವಾಹನ ತಾನೇ ದಾರಿ ಹುಡುಕಿಕೊಂಡು ಬಂದು ಇಳಿದಿದ್ದೂ ಇದೇ ರನ್‌ವೇ ಮೇಲೆ. ಮೊದಲ ಹಾರಾಟಕ್ಕೆ ನಾವೆಲ್ಲ ಚಪ್ಪಾಳೆ ತಟ್ತೀವಿ. ಆದರೆ ಕೊನೆಯ ಹಾರಾಟ ಆದ ಮೇಲೆ ಆ ವಿಮಾನ ಏನಾಗಬೇಕು? ಈ ಪ್ರಶ್ನೆ ನಮ್ಮ ಯಾವ ಸಿಲಬಸ್‌ನಲ್ಲೂ ಇಲ್ಲ.

ಹಳೇ ವಿಮಾನ ಉಳಿಸೋದು ಶ್ರೀಮಂತ ದೇಶಗಳ ಶೋಕಿ ಅಂತ ಕೆಲವರು ಹೇಳ್ತಾರೆ. ಅವರಿಗೆ ನಮ್ಮ ಬೆಂಗಳೂರಿನದೇ ಕಥೆ ಹೇಳಬೇಕು. ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳು ಗುಜರಿಯಾಗಿ ಬಿದ್ದಿದ್ದವು. ಮತ್ತೆ ಹಾರಬಾರದು ಅಂತಲೇ ಅವನ್ನು ಹಾಳುಗೆಡವಲಾಗಿತ್ತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಎಚ್‌ಎಎಲ್‌ನವರು ಅವುಗಳಲ್ಲಿ ನಲವತ್ತರಷ್ಟನ್ನು ಬದುಕಿಸಿದರು. ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಆ ವಿಮಾನಗಳು 1968ರವರೆಗೆ ವಾಯುಪಡೆಯಲ್ಲಿ ದುಡಿದವು. ಇವತ್ತು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿರುವ ಲಿಬರೇಟರ್ ನಮ್ಮ ವಾಯುಪಡೆಯೇ ಕೊಟ್ಟದ್ದು. ಅಮೆರಿಕ ಸಾವಿರಾರು ಸಂಖ್ಯೆಯಲ್ಲಿ ತಯಾರಿಸಿ ಕರಗಿಸಿಬಿಟ್ಟ ವಿಮಾನ ಜಗತ್ತಿಗೆ ಅಲ್ಪಸ್ವಲ್ಪವಾದರೂ ಉಳಿದಿದ್ದರಲ್ಲಿ ಬೆಂಗಳೂರಿನ ಕೈಕೆಲಸದ ಪಾಲು ದೊಡ್ಡದು.

ಉಳಿಸೋದು ಅಂದ್ರೆ ಕಂಬದ ಮೇಲೆ ನಿಲ್ಲಿಸಿ ಬಣ್ಣ ಬಳಿಯೋದಲ್ಲ. ಅಲ್ಯೂಮಿನಿಯಂ ಮೈಗೆ ಉಕ್ಕಿನ ಬೋಲ್ಟ್ ತಾಗಿದ ಕಡೆ ತೇವ ಸೇರಿದರೆ ಗ್ಯಾಲ್ವಾನಿಕ್ ತುಕ್ಕು ಶುರು. ರೆಕ್ಕೆಯ ನೀರು ಹೊರಹೋಗುವ ತೂತುಗಳಿಗೆ ಧೂಳು, ಹಕ್ಕಿಗೂಡು ತುಂಬಿದರೆ ಒಳಗೊಳಗೇ ಲೋಹ ಪದರ ಪದರವಾಗಿ ಏಳುತ್ತೆ. ಮೇಲೆ ಬಳಿದ ಹೊಸ ಬಣ್ಣ ಅದನ್ನು ಮುಚ್ಚುತ್ತೆ, ವಾಸಿ ಮಾಡಲ್ಲ. ಅಷ್ಟೇ ಅಲ್ಲ, ಹಳೇ ಬಣ್ಣ ಉಜ್ಜುವಾಗ ಅದರ ಮೇಲಿದ್ದ ಗುರುತು, ಸಂಖ್ಯೆ, ರಿಪೇರಿಯ ಕುರುಹು ಎಲ್ಲಾ ಹೋಗುತ್ತೆ. ಮೆಟಲರ್ಜಿ, ಮೆಕ್ಯಾನಿಕಲ್, ಕೆಮಿಸ್ಟ್ರಿ ಮೂರೂ ಇಲ್ಲಿ ಒಟ್ಟಿಗೆ ಬೇಕು.

ಹಾಗಂತ ಎಲ್ಲವನ್ನೂ ಮತ್ತೆ ಹಾರಿಸಬೇಕು ಅಂತಲೂ ನಾನು ಹೇಳಲ್ಲ. ಬ್ರಿಟನ್ನಿನಲ್ಲಿ ದುರಸ್ತಿಯಾಗಿ 2018ರಲ್ಲಿ ವಾಯುಪಡೆ ಸೇರಿದ ಡಕೋಟಾ 'ಪರಶುರಾಮ' ಹಾರೋದು ಚೆನ್ನ. ಜಗತ್ತಿನ ಹಲವೆಡೆ ಆ ಮಾದರಿ ಇನ್ನೂ ಹಾರುತ್ತಿರೋದರಿಂದ ಬಿಡಿಭಾಗ ಸಿಗುತ್ತೆ. ಎಚ್‌ಎಫ್-24 ಮಾರುತ್ ಕಥೆ ಬೇರೆ. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಬೆಂಗಳೂರಲ್ಲಿ ರೂಪುಗೊಂಡು 1961ರ ಜೂನ್ 17ರಂದು ಹಾರಿದ ಇದು ತಯಾರಾದದ್ದೇ 147. ಇಂಥದ್ದರ ಬಿಡಿಭಾಗ ಬದಲಿಸುತ್ತಾ ಹೋದರೆ ಮೂಲ ವಿಮಾನವೇ ಉಳಿಯಲ್ಲ. ಅದು ನೆಲದ ಮೇಲೆ, ನೆರಳಲ್ಲಿ, ಇದ್ದ ಹಾಗೇ ಇರಲಿ.

ಮಾರುತ್‌ಗೆ ತಕ್ಕ ಎಂಜಿನ್ ಸಿಗಲಿಲ್ಲ, ಶಬ್ದದ ವೇಗ ದಾಟುವ ಗುರಿ ಈಡೇರಲಿಲ್ಲ. ಆದರೂ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಅದು ನಿಂತಿದೆ, ಜರ್ಮನಿಯಲ್ಲೂ ಒಂದಿದೆ. ತಪಸ್ ಕೂಡ 30,000 ಅಡಿ ಎತ್ತರ, 24 ಗಂಟೆ ಹಾರಾಟದ ಗುರಿ ಮುಟ್ಟಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಒಂದು ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿ ಬಳಿ ಬಿತ್ತು. ಸೋತದ್ದನ್ನು ಯಾಕೆ ಇಟ್ಕೋಬೇಕು ಅಂತೀರಾ? ಗೆದ್ದ ವಿಮಾನಕ್ಕಿಂತ ಗುರಿ ತಪ್ಪಿದ ವಿಮಾನದಿಂದ ಎಂಜಿನಿಯರ್ ಕಲಿಯೋದು ಜಾಸ್ತಿ. ಎಲ್ಲಿ ತೂಕ ಹೆಚ್ಚಾಯ್ತು, ಯಾವ ಜೋಡಣೆ ಬದಲಾಯ್ತು ಅನ್ನೋದು ಪಿಪಿಟಿಯಲ್ಲಿ ಕಾಣಲ್ಲ, ಲೋಹದಲ್ಲಿ ಕಾಣುತ್ತೆ.

ಅದಕ್ಕೇ ನನ್ನ ವಾದ ಇಷ್ಟು: ಪರೀಕ್ಷೆ ಮುಗಿಸಿದ ಒಂದೆರಡು ಮಾದರಿಗಳು ಚಳ್ಳಕೆರೆಯಲ್ಲೇ, ಸಾರ್ವಜನಿಕರು ನೋಡುವಂತೆ ಉಳಿಯಲಿ. ಗುಟ್ಟಿನ ಸೆನ್ಸರ್‌ಗಳನ್ನು ತೆಗೆದಿಟ್ಟುಕೊಳ್ಳಲಿ, ಚೌಕಟ್ಟು ಸಾಕು. ಜಾಗವೂ ಅನುಕೂಲವೇ. ಅಮೆರಿಕ ತನ್ನ ನಿವೃತ್ತ ಯುದ್ಧವಿಮಾನಗಳನ್ನು ಅರಿಜೋನಾದ ಮರುಭೂಮಿಯಲ್ಲಿಡೋದು ಒಣ ಹವೆಗಾಗಿ. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ರೈತನಿಗೆ ಶಾಪವಾದದ್ದು ಅಲ್ಯೂಮಿನಿಯಂಗೆ ವರ. ಇನ್ನೊಂದು ಮಾತು. ಈ ರೇಂಜ್ ಎದ್ದಿರೋದು ದನ, ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ. ಹುಲ್ಲುಗಾವಲು ಬಿಟ್ಟುಕೊಟ್ಟ ಊರಿನ ಮಕ್ಕಳು ಬೇಲಿಯಾಚೆಯಿಂದ ಸದ್ದು ಕೇಳಿದರೆ ಸಾಕಾ? ಹತ್ತಿರ ಹೋಗಿ ರೆಕ್ಕೆ ಮುಟ್ಟಿ ನೋಡೋದು ಅವರ ಹಕ್ಕು.

ಖರ್ಚು ಯಾರದು ಅನ್ನೋದು ನ್ಯಾಯವಾದ ಪ್ರಶ್ನೆ. ದೊಡ್ಡ ಖರ್ಚು ಸರ್ಕಾರದ್ದೇ, ಆದರೆ ದೊಡ್ಡ ದುಡಿಮೆ ನಮ್ಮದಾಗಬಹುದು. ಹತ್ತಿರದ ಯಾವುದೇ ಊರಲ್ಲಿ ನಿಲ್ಲಿಸಿರುವ ವಿಮಾನವನ್ನು ಅನುಮತಿ ಪಡೆದು ತ್ರೀಡಿ ಸ್ಕ್ಯಾನ್ ಮಾಡೋದು, ತುಕ್ಕಿನ ನಕ್ಷೆ ಬರೆಯೋದು, ವರ್ಷವರ್ಷ ಹೋಲಿಸೋದು, ಎಲ್ಲಾ ಒಳ್ಳೇ ಫೈನಲ್ ಇಯರ್ ಪ್ರಾಜೆಕ್ಟ್‌ಗಳೇ. ಅದರ ವರದಿಯನ್ನು ಕನ್ನಡದಲ್ಲೂ ಬರೆದರೆ ಇನ್ನೂ ಚೆನ್ನ.

ಪಕ್ಕದ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಎರಡು ಸಾವಿರ ವರ್ಷ ಮೀರಿ ಉಳಿದಿದೆ. ಬಂಡೆ ತಾನಾಗೇ ಉಳೀತು. ವಿಮಾನ ತಾನಾಗೇ ಉಳಿಯಲ್ಲ, ಅದಕ್ಕೆ ಕೈ ಬೇಕು. ಮುಂದಿನ ಸೆಮಿಸ್ಟರ್ ಪ್ರಾಜೆಕ್ಟ್ ಹುಡುಕ್ತಿರೋರು ಇದನ್ನೂ ಒಮ್ಮೆ ಯೋಚಿಸಿ.