ಗೊಣಗಾಟವೇ ಕ್ಷೇಮಸಮಾಚಾರ

ರಾಯಪುರಂನ ನಮ್ಮ ಮಿತ್ರಕೂಟಕ್ಕೆ ಈಗ ಜಗಲಿಯ ಗೊಡವೆಯಿಲ್ಲ. ಕೈಯೊಳಗಿನ ಮೊಬೈಲೇ ಜಗಲಿ. ಬೆಳಗಾದರೆ ವಾಟ್ಸಾಪಿನಲ್ಲಿ ದೂರುಗಳ ಮೆರವಣಿಗೆ: ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಸೆಕೆ, ಮತ್ತೊಬ್ಬರಿಗೆ ಕಾಸಿಮೇಡಿನ ಮೀನಿನ ಗಾಳಿ. 1856ರಲ್ಲಿ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿದ್ದು ನಮ್ಮ ರಾಯಪುರಂನಿಂದಲೇ ಎಂದು ನಾವು ಬೀಗಿದರೆ, "ನೀರಿನ ಲಾರಿ ಮಾತ್ರ ಇನ್ನೂ ಹೊರಟಿಲ್ಲವಲ್ಲ ಸ್ವಾಮಿ!" ಎಂದು ಹಿರಿಯ ಮಿತ್ರರೊಬ್ಬರ ಗೊಣಗಾಟ.

ಕಳೆದ ಬೇಸಗೆಯಲ್ಲಿ ಆ ಗೊಣಗಾಟ ಎರಡು ದಿನ ನಿಂತಿತು. ಕಿವಿಗೆ ಬಿಡುವಾಯಿತೆಂದು ನಕ್ಕೆವು. ಮೂರನೆಯ ದಿನ ನಮ್ಮಾಕೆ, "ನಕ್ಕದ್ದು ಸಾಕು, ಹೋಗಿ ನೋಡಿಕೊಂಡು ಬನ್ನಿ" ಎಂದಳು. ಹೋದೆವು. ಮಕ್ಕಳು ಪರದೇಶದಲ್ಲಿ, ಮನೆಯಲ್ಲಿ ಅವರೊಬ್ಬರೇ, ತಲೆಸುತ್ತಿ ಮಂಚ ಹಿಡಿದಿದ್ದರು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಬೆವರಿನಲ್ಲಿ ನೀರೂ ಉಪ್ಪೂ ಹೋಗುತ್ತವೆ, ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ತಿಳಿಯದು ಎಂದರು ವೈದ್ಯರು. ಸಲೈನ್ ಏರಿಸಿದ ಮೇಲೆ ಮಿತ್ರರು ಕಣ್ಣುಬಿಟ್ಟು, "ಈ ಆಸ್ಪತ್ರೆಯ ಕಾಫಿ ನೀರು ನೀರು!" ಎಂದರು. ನಮಗೆ ಹೋದ ಜೀವ ಬಂತು.

ಹಿಂದೆ ಕಾಗದದ ಮೊದಲಿಗೇ 'ಕ್ಷೇಮ' ಎಂದು ಬರೆಯುತ್ತಿದ್ದರು. ಈಗ ಗೊಣಗಾಟವೇ ಆ ಒಕ್ಕಣೆ. ವಾಚಕರೇ, ನಿಮ್ಮ ಕೂಟದ ಗೊಣಗುವವರು ಸುಮ್ಮನಾದರೆ ಮೊಬೈಲು ಒತ್ತಿ ಕೂರಬೇಡಿ. ಹೋಗಿ ಬಾಗಿಲು ತಟ್ಟಿ.