ಬ್ರೇಕಿನಲ್ಲಿ ಉಳಿತಾಯ ಬೇಡ

ಅಮೆರಿಕದಲ್ಲಿ 2006ರಲ್ಲಿ ಆರಂಭವಾದ ‘24 ಅವರ್ಸ್ ಆಫ್ ಲೆಮನ್ಸ್’ ಎಂಬ ಕಾರು ಓಟದ ಮೂಲ ನಿಯಮ ಸರಳ: ಹಳೆಯ ಕಾರಿನ ಖರೀದಿ, ದುರಸ್ತಿ ಎಲ್ಲ ಸೇರಿ ವೆಚ್ಚ 500 ಡಾಲರ್ ಮೀರಕೂಡದು. ತಪಾಸಣೆಯಲ್ಲಿ ಸಿಕ್ಕಿಬಿದ್ದವರಿಗೆ ಹೆಚ್ಚುವರಿ 10 ಡಾಲರಿಗೆ ಒಂದು ಸುತ್ತಿನಂತೆ ದಂಡ. ಹಣದ ಬಲಕ್ಕಿಂತ ಜಾಣ್ಮೆ ಗೆಲ್ಲಲಿ ಎಂಬುದೇ ಇದರ ಆಶಯ.

ಆದರೆ ಈ ನಿಯಮಾವಳಿಯ ನಿಜವಾದ ವಿವೇಕವಿರುವುದು ಅದರ ವಿನಾಯಿತಿಯಲ್ಲಿ. ಚಾಲಕನನ್ನು ಕಾಯುವ ಉಕ್ಕಿನ ಪಂಜರ, ಸೀಟ್ ಬೆಲ್ಟ್, ಬ್ರೇಕ್, ಟೈರುಗಳ ವೆಚ್ಚಕ್ಕೆ ಮಿತಿಯೇ ಇಲ್ಲ. ಇದ್ದಿದ್ದರೆ ಗೆಲ್ಲುವ ಆಸೆಗೆ ಮೊದಲು ಬಲಿಯಾಗುತ್ತಿದ್ದುದು ಬ್ರೇಕೇ. ಎಂಜಿನ್ನಿಗೆ ಸುರಿದ ಹಣ ವೇಗದಲ್ಲಿ ಕಾಣುತ್ತದೆ; ಬ್ರೇಕಿನಲ್ಲಿ ಉಳಿಸಿದ ಹಣ ಕಾಣುವುದು ಅಪಘಾತವಾದಾಗ.

ನಮ್ಮ ಸರ್ಕಾರಗಳ ಮಿತವ್ಯಯ ಸಾಗುವುದು ಬಹುಮಟ್ಟಿಗೆ ಇದರ ವಿರುದ್ಧ ದಿಕ್ಕಿನಲ್ಲಿ. ಖರ್ಚು ಕಡಿತದ ಸುತ್ತೋಲೆ ಹೊರಟೊಡನೆ ಕತ್ತರಿ ಬೀಳುವುದು ಸೇತುವೆಯ ನಿರ್ವಹಣೆಗೆ, ಬಸ್ಸಿನ ಬಿಡಿಭಾಗಗಳಿಗೆ, ಶಾಲಾ ಕಟ್ಟಡದ ದುರಸ್ತಿಗೆ. ಇವುಗಳಿಗೆ ಉದ್ಘಾಟನಾ ಸಮಾರಂಭವಿಲ್ಲ, ಆದ್ದರಿಂದ ಕೇಳುವವರೂ ಇಲ್ಲ. ಮುಂದಿನ ಆಯವ್ಯಯದಲ್ಲಿ ಎಷ್ಟು ಕಡಿತ ಎಂದು ಹೇಳುವ ಮೊದಲು, ಯಾವುದಕ್ಕೆ ಕತ್ತರಿ ಹಾಕುವಂತಿಲ್ಲ ಎಂಬ ಪಟ್ಟಿಯನ್ನು ಆರ್ಥಿಕ ಇಲಾಖೆ ಪ್ರಕಟಿಸಲಿ.